ನೀರು ಕುಡಿಯದ ಜಾಣತನ

ನಮ್ಮ ಅಡುಗೆಕಟ್ಟೆಯ ಮೇಲೆ ಈಗ ಒಂದು ಬಾಟಲಿ ಬಂದು ಕೂತಿದೆ. ನೀರಿನ ಬಾಟಲಿಯೇ, ಆದರೆ ಗಾತ್ರದಲ್ಲಿ ಒಂದು ಕೈಗೂಸಿನಷ್ಟಿದೆ. ಹೆಗಲಿಗೆ ಹಾಕಿಕೊಳ್ಳಲು ಪಟ್ಟಿ, ಮೈತುಂಬ ಗೀಟುಗಳು, ಗೀಟಿನ ಪಕ್ಕದಲ್ಲಿ ಇಂಗ್ಲಿಷಿನಲ್ಲಿ ಹುರಿದುಂಬಿಸುವ ಮಾತುಗಳು. ಬೆಳಗಿನ ಗೀಟಿನ ಹತ್ತಿರ ‘ಶುರು ಮಾಡು’ ಎಂದಿದೆಯಂತೆ, ಮಧ್ಯಾಹ್ನದ ಗೀಟಿನ ಹತ್ತಿರ ‘ಬಿಡಬೇಡ’ ಎಂದಿದೆಯಂತೆ. ತರಿಸಿಕೊಟ್ಟವಳು ನನ್ನ ಮಗಳು ವೀಣಾ. ಮದುವೆಯಾಗಿ ಕಂಪ್ಲಿಗೆ ಹೋದ ಮೇಲೆ ದಿನಾ ಫೋನ್ ಮಾಡುತ್ತಾಳೆ. ಊಟವಾಯಿತೇ, ಮೊಣಕಾಲು ನೋವು ಹೇಗಿದೆ ಎಂದೆಲ್ಲ ಕೇಳುವುದಿಲ್ಲ. “ಅಮ್ಮ, ಯಾವ ಗೀಟಿಗೆ ಬಂದೀ?” ಎಂದು ಕೇಳುತ್ತಾಳೆ. ನಾನು ಅರ್ಧ ಕುಡಿದು, ಅರ್ಧ ಹಿತ್ತಲಿನ ಕರಿಬೇವಿಗೆ ಸುರಿದು, “ಮುಗೀತವ್ವ” ಎನ್ನುತ್ತೇನೆ. ಈ ಬೇಸಿಗೆಯಲ್ಲಿ ನಮ್ಮ ಓಣಿಯ ಎಲ್ಲರ ಗಿಡಗಳೂ ಬಾಡಿವೆ. ನಮ್ಮ ಕರಿಬೇವು ಮಾತ್ರ ಚಿಗುರುತ್ತಿದೆ.

ಐವತ್ತು ದಾಟಿದ ಹೆಂಗಸು ಹೀಗೆ ಬಾಟಲಿಗೆ ಹೆದರುವ ಸ್ಥಿತಿಗೆ ಹೇಗೆ ಬಂದಳು ಎಂದು ನೀವು ಕೇಳಬಹುದು. ಹೇಳುವಾಗ ನನ್ನ ಮುಖ ಕೆಂಪಾಗುತ್ತದೆ. ಅದಕ್ಕೆ ಹೊಸಪೇಟೆಯ ಬಿಸಿಲು ಕಾರಣ ಎಂದುಕೊಂಡು ಮುಂದೆ ಓದಿ.

ನನಗೆ ಹಾಡಲು ಬರುವುದಿಲ್ಲ. ರಂಗೋಲಿ ಹಾಕಿದರೆ ಸೊಟ್ಟ, ಹೋಳಿಗೆ ತಟ್ಟಿದರೆ ಹೂರಣ ಹೊರಗೆ. ನನಗೆ ಒಲಿದಿದ್ದ ವಿದ್ಯೆ ಒಂದೇ, ಒಂದು ತೊಟ್ಟು ನೀರು ಕುಡಿಯದೆ ದಿನವಿಡೀ ಊರೂರು ತಿರುಗುವುದು. ಅದನ್ನು ಕಲಿಸಿದವಳು ನನ್ನ ಅವ್ವ. ನಮ್ಮದು ಪಾಪಿನಾಯಕನಹಳ್ಳಿ. ಬಟ್ಟೆಬರೆಗೆ, ದವಾಖಾನೆಗೆ, ಪಾತ್ರೆ ಕಲಾಯಿಗೆ ಎಲ್ಲಕ್ಕೂ ಹೊಸಪೇಟೆಗೇ ಬರಬೇಕು. ಹೊಸಪೇಟೆಗೆ ಹೋಗುವುದು ಎಂದರೆ ಹಿಂದಿನ ರಾತ್ರಿಯ ಊಟದೊಂದಿಗೆ ಅವ್ವನ ನೀರು ನಿಲ್ಲುತ್ತಿತ್ತು. ಬೆಳಗ್ಗೆ ಬಸ್ಸಿನ ಸದ್ದು ಕೇಳುವ ಮೊದಲು ನನ್ನನ್ನು ಹಿತ್ತಲಿಗೆ ಅಟ್ಟಿ, “ಹೋಗಿ ಬಾ. ಬರಲಿಲ್ಲಂದ್ರೂ ಕುಂತು ಬಾ. ದಾರ್ಯಾಗ ನೀರು ಬೇಡಿದಿ ಅಂದ್ರ ನೋಡು! ಕುಡದ ಮ್ಯಾಲೆ ಎಲ್ಲಿ ಹೋಗಾಕಿ?” ಎನ್ನುತ್ತಿದ್ದಳು.

ಎಲ್ಲಿ ಹೋಗಾಕಿ ಎಂಬುದು ಬರಿಯ ಗದರಿಕೆ ಆಗಿರಲಿಲ್ಲ, ಅದಕ್ಕೆ ಉತ್ತರವೇ ಇರಲಿಲ್ಲ. ಗಂಡಸರಿಗೆ ಊರ ತುಂಬ ಗೋಡೆಗಳಿದ್ದವು. ನಮಗೆ ಮನೆಯೊಂದೇ. ಹೊಸಪೇಟೆಯ ಬಸ್‌ಸ್ಟ್ಯಾಂಡಿನಲ್ಲಿ ಕೆಂಪು, ಹಳದಿ ಶರಬತ್ತಿನ ಬಾಟಲಿಗಳನ್ನು ಸಾಲಾಗಿ ಜೋಡಿಸಿಟ್ಟ ಗಾಡಿಯವನು ಐಸು ತುರಿಯುತ್ತಿದ್ದ. ಆ ಕರಕರ ಸದ್ದಿಗೆ ನನ್ನ ನಾಲಗೆ ಹೊರಳುತ್ತಿತ್ತು. ಅವ್ವ ಸೆರಗಿನ ಗಂಟು ಬಿಚ್ಚಿ ಒಂದು ಏಲಕ್ಕಿ ಕಾಳು ನನ್ನ ಬಾಯಿಗೆ ಹಾಕಿ, ಶರಬತ್ತಿನವನ ಕಡೆ ಬೆನ್ನು ಮಾಡಿ ನಿಲ್ಲಿಸುತ್ತಿದ್ದಳು. ಇವತ್ತಿಗೂ ಪಾಯಸದಲ್ಲಿ ಏಲಕ್ಕಿ ಸಿಕ್ಕರೆ ನನಗೆ ಬಾಯಾರಿಕೆ ಆಗುತ್ತದೆ.

ನೆಂಟರ ಮನೆಗೆ ಹೋದಾಗ ಇನ್ನೊಂದು ತೊಡಕು. ನಮ್ಮ ಕಡೆ ಹೊಸ್ತಿಲು ದಾಟಿ ಬಂದವರಿಗೆ ಮೊದಲು ನೀರು ಕೊಡುತ್ತಾರೆ, ಮಾತು ಆಮೇಲೆ. ಬೇಡ ಎಂದರೆ ಮನೆಯವರಿಗೆ ಅವಮಾನ. ಅದಕ್ಕೂ ಅವ್ವನ ಬಳಿ ಉಪಾಯವಿತ್ತು. ಚೊಂಬನ್ನು ಎರಡೂ ಕೈಯಲ್ಲಿ ಇಸಿದುಕೊಳ್ಳಬೇಕು. ತುಟಿಗೆ ತಾಗಿಸಿ ತಲೆ ಸ್ವಲ್ಪ ಹಿಂದಕ್ಕೆ ಎತ್ತಬೇಕು. ಗಂಟಲನ್ನು ಒಂದು ಸಲ ಆಡಿಸಬೇಕು, ಇದು ಬಹಳ ಮುಖ್ಯ. ಆಮೇಲೆ ‘ಹ್ಞಾ’ ಎಂದು ತೃಪ್ತಿಯ ಉಸಿರು ಬಿಟ್ಟು ಚೊಂಬನ್ನು ಮಂಚದ ಕಾಲಿನ ಮರೆಗೆ ಸರಿಸಬೇಕು. ಶಾಲೆಗೆ ಹೋಗುವ ವಯಸ್ಸಿಗೆ ನಾನು ಇದರಲ್ಲಿ ಅವ್ವನನ್ನೂ ಮೀರಿಸಿದ್ದೆ. ಶಾಲೆಯಲ್ಲೂ ಇದು ಉಪಯೋಗಕ್ಕೆ ಬಂತು. ಅಲ್ಲಿ ಹುಡುಗಿಯರಿಗೆಂದು ಒಂದು ಕೋಣೆ ಇತ್ತು, ಅದಕ್ಕೆ ಬಾಗಿಲು ಇರಲಿಲ್ಲ. ಸಂಜೆಯ ಗಂಟೆ ಹೊಡೆದ ಕೂಡಲೇ ನಾವೆಲ್ಲ ಮನೆಗೆ ಓಡುತ್ತಿದ್ದುದನ್ನು ಕಂಡು ಮೇಷ್ಟ್ರು, “ಈ ಹುಡಿಗ್ಯಾರಿಗೆ ಮನಿ ಅಂದ್ರ ಭಾಳ ಪ್ರೀತಿ” ಎನ್ನುತ್ತಿದ್ದರು.

ನಮ್ಮ ಜಿಲ್ಲೆಯವರಿಗೆ ಬಿಸಿಲಿನ ಬಗ್ಗೆ ಒಂದು ಗರ್ವವೂ ಇದೆ. ಬೇರೆ ಊರಿನವರು ತಮ್ಮ ಹೊಳೆಯ ಬಗ್ಗೆ, ಮಾವಿನ ಬಗ್ಗೆ ಹೇಳಿಕೊಂಡರೆ ನಾವು ಬಿಸಿಲಿನ ಬಗ್ಗೆ ಹೇಳಿಕೊಳ್ಳುತ್ತೇವೆ. ರಜೆಗೆಂದು ಬಂದ ತಂಪು ಊರುಗಳ ನೆಂಟರನ್ನು ಹಂಪಿಗೆ ಕರೆದುಕೊಂಡು ಹೋಗುವುದು ನನ್ನ ಪಾಲಿನ ಕೆಲಸ. ಮೇ ತಿಂಗಳ ಮಧ್ಯಾಹ್ನ ಗುಡಿಯ ಮುಂದೆ ಚಪ್ಪಲಿ ಬಿಟ್ಟು ಕಲ್ಲಿನ ಮೇಲೆ ಕಾಲಿಟ್ಟ ಕೂಡಲೇ ಅವರು ಕುಣಿಯಲು ಶುರು ಮಾಡುತ್ತಿದ್ದರು. ನಾನು ಮಾತ್ರ ಗಂಭೀರವಾಗಿ ನಡೆದು, “ಇದೇನು ಬಿಸ್ಲು ಬಿಡ್ರಿ, ನಿನ್ನೇದು ನೋಡಬೇಕಿತ್ತು” ಎನ್ನುತ್ತಿದ್ದೆ. ನನ್ನ ಅಂಗಾಲೂ ಸುಡುತ್ತಿತ್ತು ಎಂಬುದನ್ನು ಇಂದು ಮೊದಲ ಸಲ ಹೇಳುತ್ತಿದ್ದೇನೆ. ಅವರು ಮಂಟಪಕ್ಕೊಂದು ಬಾಟಲಿ ಖಾಲಿ ಮಾಡುತ್ತಾ, ಮರದ ನೆರಳು ಹುಡುಕುತ್ತಾ ಬರುತ್ತಿದ್ದರೆ ನಾನು ಒಣ ಬಾಯಿಯಲ್ಲಿ ರಾಣಿಯರ ಸ್ನಾನಗೃಹದ ಬಗ್ಗೆ ವಿವರಿಸುತ್ತಿದ್ದೆ. ನೀರು ಬೇಕೇ ಎಂದು ಅವರು ಬಾಟಲಿ ಚಾಚಿದರೆ, “ನಮಗೇನ್ ಬ್ಯಾಡ್ರಿ, ನಾವು ಇಲ್ಲೇ ಬೆಳದವ್ರು” ಎನ್ನುವುದು. ನಿಜವಾದ ಕಾರಣವನ್ನು ಹೇಳುವುದಕ್ಕಿಂತ ಬಿಸಿಲನ್ನು ಗೆದ್ದವಳ ಹಾಗೆ ತೋರಿಸಿಕೊಳ್ಳುವುದು ಸುಲಭವಾಗಿತ್ತು.

ಈಗ ನಮ್ಮ ಮನೆಯವರ ಅಂಗಡಿಯ ವಿಷಯವನ್ನು ಹೇಳಲೇಬೇಕು. ನೀವು ನಗುತ್ತೀರಿ, ನಗಿ. ನನ್ನ ಗಂಡನದು ಹೊಸಪೇಟೆಯಲ್ಲಿ ನಲ್ಲಿ, ಪೈಪು ಮತ್ತು ಕಮೋಡುಗಳ ಅಂಗಡಿ. ಮದುವೆಯ ಹೊಸದರಲ್ಲಿ ನನ್ನ ಗೆಳತಿಯರಿಗೆ “ಕಟ್ಟಡದ ಸಾಮಾನಿನ ಅಂಗಡಿ” ಎಂದಷ್ಟೇ ಹೇಳುತ್ತಿದ್ದೆ. ಅಂಗಡಿಯ ಗಾಜಿನ ಹಿಂದೆ ಬಿಳಿ, ಕೆನೆ, ಗುಲಾಬಿ ಬಣ್ಣದ ಕಮೋಡುಗಳು ಮದುವೆ ಮನೆಯ ಕುರ್ಚಿಗಳಂತೆ ಸಾಲಾಗಿ ಕೂತಿವೆ. ಹೊಸ ಮನೆ ಕಟ್ಟಿಸುವವರಿಗೆ ನಮ್ಮವರು ನೀರು ಯಾವುದರಲ್ಲಿ ಹೇಗೆ ಸುಳಿದು ಹೋಗುತ್ತದೆ ಎಂದು ಕೈಬೀಸಿ ವರ್ಣಿಸುತ್ತಾರೆ. ಅಂಥವರ ಹೆಂಡತಿಯಾಗಿ ಇಷ್ಟು ವರ್ಷ ಕಳೆದ ಮೇಲೂ, ಬೇರೆಯವರ ಮನೆಯಲ್ಲಿ ‘ನಿಮ್ಮ ಬಾತ್‌ರೂಮು ಎಲ್ಲಿ’ ಎಂದು ಕೇಳಲು ನನ್ನ ನಾಲಗೆ ಏಳುತ್ತಿರಲಿಲ್ಲ.

ವೀಣಾಳಿಗೆ ಗಂಡು ಗೊತ್ತಾದದ್ದು ಕಂಪ್ಲಿಯಲ್ಲಿ, ಅಕ್ಕಿ ಗಿರಣಿಯವರ ಮನೆಯಲ್ಲಿ. ಹುಡುಗ ಒಳ್ಳೆಯವನು, ಬೀಗರೂ ಸಮಾಧಾನದ ಮನುಷ್ಯ. ನನ್ನ ತಕರಾರಿದ್ದದ್ದು ಬೀಗಿತಿ ಗೌರಮ್ಮನ ಮೇಲೆ. ಹೆಣ್ಣು ನೋಡಲು ಬಂದ ದಿನ ನಾನೇ ಬೆಳ್ಳಿಯ ಲೋಟದಲ್ಲಿ ನೀರು ಕೊಟ್ಟೆ. ಆಕೆ ಲೋಟ ಇಸಿದುಕೊಂಡು, ತುಟಿಗೂ ತಾಗಿಸದೆ ಪಕ್ಕದ ಟೀಪಾಯಿಯ ಮೇಲೆ ಇಟ್ಟುಬಿಟ್ಟರು. ಹೋಗುವವರೆಗೂ ಅದನ್ನು ಮುಟ್ಟಲಿಲ್ಲ. ರಾತ್ರಿ ನಾನು ಮನೆಯವರ ಹತ್ತಿರ, “ನಮ್ಮನೀ ನೀರು ಆಕಿಗೆ ಸಪ್ಪಗ ಕಾಣಿಸ್ತೇನು? ಗಿರಣಿ ಐತಿ ಅಂತ ಎಷ್ಟು ಸೊಕ್ಕು!” ಎಂದು ಉರಿದುಕೊಂಡೆ. ಅವರು, “ಬಾಯಾರಿರಲಿಲ್ಲೇನೋ ಬಿಡು” ಎಂದು ಮಗ್ಗುಲು ಬದಲಿಸಿದರು. ಆದರೆ ಆ ಲೋಟ ನನ್ನ ಮನಸ್ಸಿನಿಂದ ಇಳಿಯಲಿಲ್ಲ.

ಮದುವೆ ಬೇಸಿಗೆಯಲ್ಲಿಯೇ ಬಂತು. ನಮ್ಮಲ್ಲಿ ಮದುವೆಗಳು ಬರುವುದೇ ಬಿಸಿಲು ನೆತ್ತಿಗೇರಿದಾಗ. ಲಗ್ನಪತ್ರಿಕೆಯನ್ನು ಮೊಬೈಲಿನಲ್ಲಿ ಕಳಿಸಿದರೆ ಅದು ಕರೆದಂತೆ ಅಲ್ಲ. ಗಂಡ ಹೆಂಡತಿ ಇಬ್ಬರೂ ಮನೆಮನೆಗೆ ಹೋಗಬೇಕು, ಮನೆಯಾಕೆಗೆ ಕುಂಕುಮ ಹಚ್ಚಿ ಪತ್ರಿಕೆ ಕೈಯಲ್ಲಿಟ್ಟು ಕರೆಯಬೇಕು. ಅವರು ಕೂರಿಸಿ, ಚಹಾ ಕೊಟ್ಟು, ಉಡಿ ತುಂಬಿ ಕಳಿಸಬೇಕು. ಕರೆಯಲು ಹೋಗುವಾಗ ಉಟ್ಟ ಸೀರೆಯನ್ನೂ ಜನ ನೋಡುತ್ತಾರೆ ಎಂದು ನಾನು ದಪ್ಪ ಜರಿಯ ರೇಷ್ಮೆ ಉಟ್ಟೆ. ಆ ದಿನ ಬೆಳಗ್ಗೆ ಸಂಡೂರು, ಅಲ್ಲಿಂದ ಚೋರನೂರು, ಮಧ್ಯಾಹ್ನ ವಾಪಸ್ ಹೊಸಪೇಟೆ ದಾಟಿ ಕಂಪ್ಲಿ, ಅಲ್ಲಿ ಬೀಗರ ಮನೆಯಲ್ಲಿ ಊಟ ಎಂದು ಗೊತ್ತಾಗಿತ್ತು. ಮನೆಯವರು ಕಾರು ತೆಗೆದರು. ನಮ್ಮ ಕಾರಿನಲ್ಲಿ ಏಸಿ ಇದೆ, ಆದರೆ ಅದನ್ನು ಹಾಕಿದರೆ ಪೆಟ್ರೋಲು ಹೆಚ್ಚು ಕುಡಿಯುತ್ತದೆ ಎಂದು ಅವರ ನಂಬಿಕೆ. ಕಾರಿಗೂ ಕುಡಿಯಲು ಬಿಡದವರು ನಾವು.

ಸಂಡೂರಿನಲ್ಲಿ ಇನ್ನೂ ಪರವಾಗಿಲ್ಲ ಎನ್ನುವ ಹಾಗಿತ್ತು. ಅಲ್ಲಿಯ ಗುಡ್ಡಗಳ ನೆರಳಿಗೆ ಗಾಳಿ ತುಸು ತಂಪಾಗಿತ್ತು. ಮುಂದೆ ಅದಿರಿನ ಲಾರಿಗಳ ಹಿಂದೆ ಕೆಂಪು ಧೂಳು ನುಂಗುತ್ತಾ ಹೋಗುವಾಗ ಕಿಟಕಿ ಮುಚ್ಚಬೇಕಾಯಿತು, ಮುಚ್ಚಿದರೆ ಉಸಿರುಗಟ್ಟುತ್ತಿತ್ತು. ಚೋರನೂರಿನಲ್ಲಿ ಮನೆಯಿಂದ ಮನೆಗೆ ನಡೆದೇ ಹೋದೆವು. ಎಲ್ಲ ಕಡೆ ನೀರು ಬಂತು, ಎಲ್ಲ ಕಡೆ ನಾನು ಗಂಟಲು ಆಡಿಸಿದೆ. ಚಹಾವನ್ನು ಮಾತ್ರ ಗುಟುಕಿನಷ್ಟು ಕುಡಿದೆ, ಒಂದು ಮನೆಯಲ್ಲಿ ಒಗ್ಗರಣಿ ಮಂಡಕ್ಕಿ ಮತ್ತು ಮಿರ್ಚಿ ತಿಂದೆ. ಕೊನೆಯ ಮನೆಯ ಅಜ್ಜಿ ನನ್ನ ಮುಖ ನೋಡಿ, “ಯಾಕವ್ವ, ಮಾರಿ ಕೆಂಪಗ ಆಗೈತಿ? ಸ್ವಲ್ಪ ಅಡ್ಡಾಗು, ಹೊತ್ತು ಇಳದ ಮ್ಯಾಲೆ ಹೋಗ್ರಿ” ಎಂದರು. ಊಟಕ್ಕೆ ಬೀಗರು ಕಾಯುತ್ತಾರೆ ಎಂದು ಎದ್ದುಬಿಟ್ಟೆವು.

ವಾಪಸ್ ಬರುವಾಗ ನನ್ನ ತಲೆ ಸಿಡಿಯುತ್ತಿತ್ತು. ಮೀನಖಂಡದಲ್ಲಿ ನರ ಹಿಡಿದುಕೊಂಡಿತು. ಇಷ್ಟು ಹೊತ್ತು ಬೆನ್ನ ಮೇಲೆ ಹರಿಯುತ್ತಿದ್ದ ಬೆವರು ನಿಂತುಹೋಗಿತ್ತು, ಅದನ್ನು ಕಂಡು ನಾನು ‘ಸದ್ಯ, ಸೀರೆ ಉಳೀತು’ ಎಂದುಕೊಂಡೆ. ಎಂಥ ಬುದ್ಧಿ ನೋಡಿ. ಹೊಸಪೇಟೆ ಬಂದಾಗ ನಾನು, “ಮನೀಗೆ ಹೋಗಿ ಐದು ನಿಮಿಷ ಕುಂತು ಹೋಗೂನ್ರಿ” ಎಂದೆ. ಮನೆಯವರು, “ಐದು ನಿಮಿಷ ಅಂದ್ರ ನಿಂದು ಅರ್ಧ ತಾಸು. ಅಂಗಡ್ಯಾಗ ಒಂದು ಕೆಲಸ ಐತಿ, ಮುಗಿಸಿ ಸೀದಾ ಹೋಗಿಬಿಡೂನು” ಎಂದರು. ಯಾಕೆ ಮನೆಗೆ ಹೋಗಬೇಕು ಎಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಅಂಗಡಿಯ ಮುಂದೆ ಕಾರು ನಿಂತಿತು. ಗಾಜಿನ ಆಚೆ ಅಷ್ಟು ಕಮೋಡುಗಳು ಫಳಫಳ ಹೊಳೆಯುತ್ತಿದ್ದವು. ಒಂದಕ್ಕೂ ನೀರಿನ ಸಂಪರ್ಕ ಇರಲಿಲ್ಲ. ಬಿಸಿಲಿಗೆ ಕಾದ ಕಾರಿನಲ್ಲಿ ಕೂತು ಅವುಗಳನ್ನು ನೋಡುತ್ತಾ ನಾನು ಒಬ್ಬಳೇ ನಕ್ಕೆನಂತೆ. ಅಂಗಡಿಯ ಹುಡುಗಿ ಆಮೇಲೆ ಹೇಳಿದಳು, ನನಗೆ ನೆನಪಿಲ್ಲ.

ಕಂಪ್ಲಿಯ ದಾರಿಯಲ್ಲಿ ಭತ್ತದ ಗದ್ದೆಗಳೂ ಕಬ್ಬೂ ನೀರಿನೊಳಗೆ ತೇಲುವ ಹಾಗೆ ಕಾಣಿಸುತ್ತಿದ್ದವು. ಬೀಗರ ಮನೆಯ ಮೆಟ್ಟಿಲು ಹತ್ತಿದ್ದು ನೆನಪಿದೆ. ಮುಂದಿನದು ತುಂಡುತುಂಡಾಗಿ ಇದೆ, ಉಳಿದದ್ದನ್ನು ಬೇರೆಯವರು ಹೇಳಿ ನನ್ನನ್ನು ಕೊಂದಿದ್ದಾರೆ.

ಎಲ್ಲರೂ ಸಾಲಾಗಿ ಕೂತಿದ್ದರಂತೆ. ಬೀಗರು, ಅವರ ತಮ್ಮ, ತಮ್ಮನ ಹೆಂಡತಿ, ಆಗಲಿರುವ ಅಳಿಯ. ನಾನು ಫ್ಯಾನಿನ ಕೆಳಗೆ ಕೂತು, “ಚಳಿ ಆಗಾಕತ್ತೈತಿ, ಫ್ಯಾನು ಬಂದ್ ಮಾಡ್ರಿ” ಎಂದೆ. ಹೊರಗೆ ಬೆಂಕಿ ಸುರಿಯುತ್ತಿತ್ತು. ಎಲ್ಲರೂ ಮುಖ ಮುಖ ನೋಡಿಕೊಂಡರು. ಆಮೇಲೆ ನಾನು ಎದ್ದು, ಕುಂಕುಮದ ಭರಣಿ ತೆಗೆದು, ಗೌರಮ್ಮನ ಹಣೆಗೆ ಕುಂಕುಮ ಹಚ್ಚಿ, ಪತ್ರಿಕೆ ಕೈಯಲ್ಲಿಟ್ಟು, ಬೆಳಗಿನಿಂದ ಎಲ್ಲರಿಗೂ ಹೇಳಿದ ಮಾತನ್ನೇ ಹೇಳಿದೆ. “ನಮ್ಮ ಮಗಳ ಮದುವಿ ಐತ್ರಿ, ಎಲ್ಲಾರೂ ತಪ್ಪದ ಬರಬೇಕ್ರಿ.”

ಗೌರಮ್ಮ ನಕ್ಕು, “ಬರ್ತೀವಿ ತಗೋರಿ ಅಕ್ಕಾರ, ನಾವು ಬರದ ಇದ್ರ ಹೆಂಗ ನಡೀತೈತಿ?” ಎಂದರಂತೆ. ನಾನು ತಮಾಷೆ ಮಾಡುತ್ತಿದ್ದೇನೆ ಎಂದುಕೊಂಡು ಎಲ್ಲರೂ ನಕ್ಕರು. ಅವರು ನಕ್ಕದ್ದಕ್ಕೆ ನನಗೆ ಸಿಟ್ಟು ಬಂತು.

“ನಗಬ್ಯಾಡ್ರಿ, ಖರೇನ ಹೇಳಾಕತ್ತೀನಿ. ಹುಡುಗ ಕಂಪ್ಲಿಯಾಂವ. ಭಾಳ ಚಲೋ ಅದಾನ. ಬೀಗಿತಿ ಸ್ವಲ್ಪ ಸೊಕ್ಕಿನಾಕಿ, ನಮ್ಮನೀ ನೀರು ಮುಟ್ಟಂಗಿಲ್ಲ. ಇರ್ಲಿ, ಏನ್ ಮಾಡಾಕ ಬರತೈತಿ.”

ಇದನ್ನು ನಾನು ಹೇಳಿದ್ದು ಬೀಗಿತಿಯ ಮುಖಕ್ಕೆ, ಆಕೆಯ ಮಗನ ಎದುರಿಗೆ, ಆಕೆಯ ಮನೆಯ ನಡುಮನೆಯಲ್ಲಿ ನಿಂತು. ನಮ್ಮ ಮನೆಯವರು, “ಏಯ್, ಏನ್ ಮಾತಾಡಾಕತ್ತಿ ನೀನು!” ಎಂದು ಎದ್ದರು. ಅವರ ದನಿಯಲ್ಲಿದ್ದ ಭಯ ಮದುವೆಯದು. ಮಗಳ ಮದುವೆ ಆ ಕ್ಷಣ ಮುರಿದುಬಿತ್ತು ಎಂದೇ ಅವರು ತಿಳಿದಿದ್ದರು. ಗೌರಮ್ಮ ಮಾತ್ರ ನಗುವನ್ನು ನಿಲ್ಲಿಸಿ, ಪತ್ರಿಕೆ ಹಿಡಿದಿದ್ದ ನನ್ನ ಕೈಯನ್ನು ಮುಟ್ಟಿದರು. ಕೈ ಒಣಗಿ ಒಲೆಯ ಹಾಗೆ ಸುಡುತ್ತಿತ್ತಂತೆ.

“ಮಾತಾಡಾಕತ್ತಿದ್ದು ಇವ್ರಲ್ರಿ, ಇವ್ರಿಗೆ ಬಿಸ್ಲು ಬಡದೈತಿ. ಗಂಡಸ್ರೆಲ್ಲ ಹೊರಗ ನಡೀರಿ!” ಎಂದು ಅವರು ಕೂಗಿದ್ದು ನನಗೂ ಕೇಳಿಸಿತು. ಆಮೇಲೆ ನೆಲ ನನ್ನ ಕಡೆಗೆ ಎದ್ದು ಬಂತು.

ಅವರ ಗಿರಣಿಯ ಅಂಗಳದಲ್ಲಿ ಭತ್ತ ಒಣಗಿಸುವ ಹೆಂಗಸರು ಬೇಸಿಗೆಯಲ್ಲಿ ಹೀಗೆ ಕುಸಿದು ಬೀಳುವುದನ್ನು ಗೌರಮ್ಮ ನೋಡಿದ್ದರು. ನನ್ನ ಜರಿ ಸೀರೆಯ ಪಿನ್ನುಗಳನ್ನು ಕಿತ್ತು, ಸೀರೆ ಬಿಚ್ಚಿ ಎಸೆದು, ಕೊಡಗಟ್ಟಲೆ ನೀರನ್ನು ನನ್ನ ಮೈಮೇಲೆ ಹೊಯ್ದರು. ಕತ್ತಿಗೆ, ಕಂಕುಳಿಗೆ ಒದ್ದೆ ಬಟ್ಟೆ ಇಟ್ಟು ಬೀಸಿದರು. ಅವರ ಓರಗಿತ್ತಿ ಗಾಬರಿಯಲ್ಲಿ ನನ್ನ ಬಾಯಿಗೆ ಚೊಂಬು ಹಿಡಿದಾಗ, “ಎಚ್ಚರ ಇಲ್ಲದವ್ರ ಬಾಯಾಗ ನೀರು ಹಾಕಬ್ಯಾಡ, ಶ್ವಾಸಕ್ಕ ಹೋಗತೈತಿ” ಎಂದು ತಡೆದರು. ನಾನು ಜತನದಿಂದ ಉಳಿಸಿದ ರೇಷ್ಮೆ ಸೀರೆ ನಡುಮನೆಯಲ್ಲಿ ನಿಂತ ನೀರಲ್ಲಿ ಬಿದ್ದಿತ್ತು. ಕಣ್ಣು ಬಿಟ್ಟಾಗ ನಾನು ಲಂಗ ಕುಪ್ಪಸದಲ್ಲಿ, ಬೀಗಿತಿಯ ತೊಡೆಯ ಮೇಲೆ ತಲೆಯಿಟ್ಟು, ತೊಪ್ಪನೆ ತೊಯ್ದು ಮಲಗಿದ್ದೆ. ನಾಚಿಕೆಯಿಂದ ಮತ್ತೆ ಕಣ್ಣು ಮುಚ್ಚಿದೆ. ಅವರು ಕೆನ್ನೆಗೆ ತಟ್ಟಿ, “ಕಣ್ಣು ಮುಚ್ಚಬ್ಯಾಡ್ರಿ, ನನ್ನ ನೋಡ್ರಿ” ಎಂದು ಗದರಿದರು.

ಒಂದು ಸೀರೆ ಸುತ್ತಿ ದವಾಖಾನೆಗೆ ಒಯ್ದರು. ಡಾಕ್ಟರು ಕೈಗೆ ಸಲೈನ್ ಚುಚ್ಚುತ್ತಾ, “ಬೆಳಗ್ಗಿಂದ ಎಷ್ಟು ನೀರು ಕುಡದೀರಿ?” ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಮನೆಯವರು, “ನೀರಿಗೇನ್ ಕಡಿಮಿ ಆಗಿಲ್ರಿ ಡಾಕ್ಟ್ರ. ಹೋದ ಮನ್ಯಾಗೆಲ್ಲ ಕುಡದಾಳ, ನಾನ ಕಣ್ಣಾರೆ ನೋಡೀನಿ” ಎಂದು ಸಾಕ್ಷಿ ಹೇಳಿದರು. ಎಂಥ ಕಲೆ ಕಲಿಸಿದ್ದೆ ಅವ್ವ ನೀನು! ಇಷ್ಟು ವರ್ಷ ಜೊತೆಗೆ ಬಾಳಿದ ಗಂಡನಿಗೂ ನನ್ನ ಗಂಟಲಿನ ಆಟ ತಿಳಿದಿರಲಿಲ್ಲ. ಡಾಕ್ಟರು ಹುಬ್ಬು ಗಂಟಿಕ್ಕಿ, ಹಾಗಾದರೆ ಇದು ಬೇರೆ ಏನೋ ಇರಬೇಕು, ಹೊಸಪೇಟೆಗೆ ಕಳಿಸಿ ತಲೆಯ ಸ್ಕ್ಯಾನ್ ಮಾಡಿಸಬೇಕು ಎಂದು ಶುರು ಮಾಡಿದರು. ನಾನು ಗೋಡೆಯ ಕಡೆ ಮುಖ ಮಾಡಿ, “ಕುಡದಿಲ್ರಿ” ಎಂದೆ.

“ಏನಂದ್ರಿ?”

“ಕುಡದಂಗ ಮಾಡೀನಿ. ನಿನ್ನೆ ರಾತ್ರಿಯಿಂದ ಕುಡದಿಲ್ಲ.”

“ಯಾಕ್ರಿ?”

ಕೋಣೆಯಲ್ಲಿ ನನ್ನ ಗಂಡ, ಬೀಗರು, ಬೀಗಿತಿ, ಅಳಿಯ ಆಗುವ ಹುಡುಗ ಎಲ್ಲ ನಿಂತಿದ್ದರು. ನಾನು ಸೆರಗನ್ನು ಮುಖದ ಮೇಲೆ ಎಳೆದುಕೊಂಡೆ. ಡಾಕ್ಟರಿಗೆ ಅರ್ಥವಾಯಿತೆಂದು ಕಾಣುತ್ತದೆ. ಅವರು ನಮ್ಮವರಿಗೆ, “ಇನ್ನ ಒಂದು ತಾಸು ಇವ್ರು ಕಾರಿನ್ಯಾಗ ಇದ್ದಿದ್ರ ನಾನು ಏನೂ ಮಾಡಾಕ ಆಗ್ತಿರಲಿಲ್ಲ” ಎಂದರು. ಮನೆಯವರು ಮಂಚದ ಕಂಬಿ ಹಿಡಿದುಕೊಂಡರು. ಅವರು ಅಳುವುದನ್ನು ನಾನು ಅದೇ ಮೊದಲು ನೋಡಿದ್ದು, ಅದೂ ಬೀಗರ ಎದುರಿಗೆ.

ಆದರೆ ನನ್ನ ಮಾನ ಇನ್ನೂ ಪೂರ್ತಿ ಹೋಗಿರಲಿಲ್ಲ. ಡಾಕ್ಟರು ಹೋಗುವಾಗ ದೊಡ್ಡ ದನಿಯಲ್ಲಿ, “ಒಂದಕ್ಕ ಹೋದ್ರ ನನಗ ತಿಳಿಸ್ರಿ. ಅದು ಆಗೂತನಕ ಕಿಡ್ನಿ ಬಗ್ಗೆ ಹೇಳಾಕ ಬರಂಗಿಲ್ಲ” ಎಂದರು. ಎರಡು ಮನೆತನಗಳು ನನ್ನ ಒಂದಕ್ಕಾಗಿ ಕಾಯುತ್ತ ಕೂತವು. ಬೀಗರು ಹೊರಗಿನಿಂದ ಇಣುಕಿ, “ಆತೇನು?” ಎಂದು ಹೆಂಡತಿಯನ್ನು ಕೇಳುವರು. ಅವರ ತಮ್ಮ ಗಿರಣಿಯಿಂದ ಫೋನ್ ಮಾಡಿ ಕೇಳುವರು. ವೀಣಾ ಹೊಸಪೇಟೆಯಿಂದ ಬಸ್ಸು ಹತ್ತಿ ಬರುತ್ತಾ ದಾರಿಯುದ್ದಕ್ಕೂ ಕೇಳುವಳು. ಜೀವಮಾನವಿಡೀ ಯಾರಿಗೂ ತಿಳಿಯದಂತೆ ಬಚ್ಚಿಟ್ಟ ವಿಷಯ ಆ ಸಂಜೆ ಕಂಪ್ಲಿಯ ದೊಡ್ಡ ಸುದ್ದಿಯಾಯಿತು. ಇಷ್ಟಾದರೂ, ಬಂದಾಗ ಹೇಳಲು ನನಗೆ ನಾಚಿಕೆ. ಹಲ್ಲು ಕಚ್ಚಿ ಮಲಗಿದ್ದೆ. ಗೌರಮ್ಮ ನನ್ನ ಮುಖ ನೋಡಿಯೇ ಎದ್ದು, ಸಲೈನ್ ಬಾಟಲಿಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ಇನ್ನೊಂದು ಕೈಯಿಂದ ನನ್ನನ್ನು ಎಬ್ಬಿಸಿದರು.

ಬಾತ್‌ರೂಮಿನಲ್ಲಿ ಅವರು ನನಗೆ ಬೆನ್ನು ಮಾಡಿ, ಬಾಟಲಿ ಎತ್ತಿ ಹಿಡಿದು ನಿಂತಿದ್ದರು. ನಾನು ಮಾತಾಡಲಾರದೆ ಮಾತಾಡಿದೆ. “ಬೀಗ್ರ, ನಾನು ಏನೇನೋ ಅಂದೆ ಅಂತ... ತಪ್ಪು ತಿಳ್ಕೋಬ್ಯಾಡ್ರಿ.”

ಅವರು ತಿರುಗದೆಯೇ ಹೇಳಿದರು. “ನೀವು ಅಂದಿದ್ದು ಖರೇನ ಐತ್ರಿ. ನಿಮ್ಮನೀ ನೀರು ನಾನು ಮುಟ್ಟಲಿಲ್ಲ. ಅವತ್ತು ಕಂಪ್ಲಿಯಿಂದ ಬಂದಿದ್ವಿ, ಇನ್ನೂ ಎರಡು ಮನೀಗೆ ಹೋಗೋದಿತ್ತು. ಹೆಣ್ಣು ನೋಡಾಕ ಬಂದು ಬಾತ್‌ರೂಮು ಕೇಳಿದ್ರ ಮಂದಿ ಏನಂತಾರ? ಅದೂ ಕಮೋಡಿನ ಅಂಗಡಿಯವ್ರ ಮನಿ. ನೋಡಾಕ ಬಂದಿದ್ದು ಹೆಣ್ಣೋ ಕಮೋಡೋ ಅಂತ ನಗೂದಿಲ್ಲೇನು?”

ನನಗೆ ನಗುವೂ ಅಳುವೂ ಒಟ್ಟಿಗೆ ಬಂದವು. ಈ ವಿದ್ಯೆಯಲ್ಲಿ ಪಳಗಿದ ನನಗೆ ಎದುರಿಗೆ ಕೂತ ಇನ್ನೊಬ್ಬಳ ಒಣ ತುಟಿ ಕಾಣಲಿಲ್ಲವಲ್ಲ. ಸೊಕ್ಕು ಎಂದು ತಿಂಗಳುಗಟ್ಟಲೆ ಹಲ್ಲು ಮಸೆದೆನಲ್ಲ. ಸುಮ್ಮನಿರಲಾರದೆ, “ನಿಮಗ ಗಂಟ್ಲು ಆಡಸಾಕ ಬರಂಗಿಲ್ಲೇನ್ರಿ?” ಎಂದು ಕೇಳಿದೆ. “ಅಂದ್ರ?” ಎಂದರು. ಅಲ್ಲೇ, ಆ ಸ್ಥಿತಿಯಲ್ಲೇ, ಮಾಡಿ ತೋರಿಸಿದೆ. ಸಲೈನ್ ಬಾಟಲಿ ಅಲುಗಾಡುವಷ್ಟು ನಕ್ಕರು. ಹೊರಗಿನಿಂದ ಬೀಗರು, “ಆತೇನು?” ಎಂದರು. “ಆತ್ರಿ!” ಎಂದು ಗೌರಮ್ಮ ಇಡೀ ದವಾಖಾನೆಗೆ ಕೇಳುವಂತೆ ಸಾರಿದರು.

ಮದುವೆ ಚೆನ್ನಾಗಿ ಆಯಿತು. ನಾನು ಬುದ್ಧಿ ಕಲಿತೆ ಎಂದು ಇಲ್ಲಿಗೆ ಮುಗಿಸಿದರೆ ಚೆಂದ. ಆದರೆ ಇಷ್ಟು ವರ್ಷದ ನಾಚಿಕೆ ಒಂದು ಸಲೈನಿಗೆ ತೊಳೆದುಹೋಗುವುದಿಲ್ಲ. ಮೊನ್ನೆ ಮೊನ್ನೆ ಬೀಗರೆಲ್ಲ ಕೂಡಿ ಹಂಪಿಗೆ ಹೋಗಿದ್ದೆವು. ಅಳಿಯ ಗಿರಣಿಯಲ್ಲೇ ಉಳಿದಿದ್ದ. ನಮ್ಮ ಮನೆಯವರು ಕಾರು ನಡೆಸುತ್ತಿದ್ದರು, ಈಗ ಏಸಿ ಹಾಕುತ್ತಾರೆ. ಪಕ್ಕದಲ್ಲಿ ಬೀಗರು. ಹಿಂದೆ ಗೌರಮ್ಮ, ನಡುವೆ ವೀಣಾ, ಕಿಟಕಿಗೆ ನಾನು. ಮಗಳ ಕಾವಲಿನಲ್ಲಿ ಬೆಳಗ್ಗಿನಿಂದ ಬೇಕಾದಷ್ಟು ನೀರು ಕುಡಿದಿದ್ದೆ. ವಾಪಸ್ ಬರುವಾಗ ಬಾಳೆತೋಟಗಳ ನಡುವೆ ನನಗೆ ಶುರುವಾಯಿತು. ಗೌರಮ್ಮ ತೂಕಡಿಸುತ್ತಿದ್ದರು. ಗಂಡಸರಿಬ್ಬರು ಅಕ್ಕಿಯ ಮಾತಿನಲ್ಲಿದ್ದರು. ಗಾಡಿ ನಿಲ್ಲಿಸಿ ಎಂಬ ಎರಡು ಪದ ನನ್ನ ಗಂಟಲಲ್ಲಿ ಬಂದು ಕೂತವು, ಹೊರಗೆ ಬರಲಿಲ್ಲ. ಮನೆ ಇನ್ನೇನು ಬಂತು ಎಂದು ನನಗೆ ನಾನೇ ಹೇಳಿಕೊಂಡು ಕಾಲಬೆರಳು ಮಡಿಚಿ ಕೂತೆ. ವೀಣಾ ಒಮ್ಮೆ ನನ್ನ ಕಾಲುಗಳ ಕಡೆ ನೋಡಿದಳು.

“ಅಪ್ಪಾ, ಗಾಡಿ ನಿಲ್ಸು. ನನಗ ಒಂದಕ್ಕ ಹೋಗಬೇಕು.”

ಮಾವನ ಎದುರಿಗೆ ಸೆರಗು ಸರಿಮಾಡಿಕೊಳ್ಳದೆ ಕೂರದ ಹೊಸ ಸೊಸೆ ಅವಳು. ನಮ್ಮವರ ಕಿವಿಗಳು ಹಿಂದಿನಿಂದಲೇ ಕೆಂಪಾಗಿ ಕಂಡವು. ಬೀಗರು ಅಕ್ಕಿಯ ಮಾತು ಬಿಟ್ಟು ಬಾಳೆಗಿಡಗಳನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು. ನನಗೆ ಅವಳ ಬಾಯಿ ಮುಚ್ಚಬೇಕು ಎನ್ನಿಸಿತು. ರಸ್ತೆ ಬದಿಯ ಒಂದು ಸಣ್ಣ ಹೋಟೆಲಿನ ಮುಂದೆ ಕಾರು ನಿಂತಿತು. ಅವಳು ನನ್ನ ಕೈ ಹಿಡಿದು ಇಳಿಸಿ, ಕೆಂಡದಂಥ ಬಿಸಿಲಲ್ಲಿ ಹೋಟೆಲಿನ ಹಿಂದಕ್ಕೆ ಕರೆದೊಯ್ದಳು. ತಗಡಿನ ಬಾಗಿಲು, ಅದಕ್ಕೆ ಒಳಗಿನಿಂದ ಚಿಲಕವಿಲ್ಲ.

“ನೀ ಮೊದಲು ಹೋಗವ್ವ” ಎಂದೆ.

“ನನಗ ಬಂದಿಲ್ಲಮ್ಮ. ನೀ ಹೋಗು, ನಾ ಬಾಗಿಲು ಹಿಡೀತೀನಿ.”

ನಾನು ಒಳಗೆ ಹೋದೆ. ಕಾದ ತಗಡನ್ನು ಅವಳು ಸೆರಗಿನಿಂದ ಹಿಡಿದುಕೊಂಡಿದ್ದು ಬಾಗಿಲ ಸಂದಿಯಲ್ಲಿ ಕಾಣುತ್ತಿತ್ತು. ಸ್ವಲ್ಪ ಹೊತ್ತಿಗೆ ಆ ಕಡೆಯಿಂದ ಬೀಗರ ದನಿ ಕೇಳಿಸಿತು. “ಆತೇನವ್ವ? ಬಿಸ್ಲು ಭಾಳ ಐತಿ.”

“ಇಲ್ಲ ಮಾವ,” ಎಂದಳು ನನ್ನ ಮಗಳು ಗಟ್ಟಿಯಾಗಿ, “ನಂದು ಇನ್ನೂ ಸ್ವಲ್ಪ ತಡ ಐತ್ರಿ.”